ಐದು ಡಾಲರ್ ಎಳನೀರು

ನಮ್ಮ ಕಡೆ ಮದುವೆಗೆ ಹೋಗಿ ಬರಿಗೈಯಲ್ಲಿ ಬಂದವರಿಲ್ಲ. ಊಟ ಮುಗಿಸಿ ಹೊರಡುವಾಗ ಬಾಗಿಲಲ್ಲಿ ನಿಂತವರು ಕೈಗೊಂದು ತಾಂಬೂಲದ ಚೀಲ ಕೊಡುತ್ತಾರೆ. ಒಳಗೆ ಒಂದು ತೆಂಗಿನಕಾಯಿ, ಎರಡು ವೀಳ್ಯದೆಲೆ, ಒಂದಿಷ್ಟು ಅಡಿಕೆ. ಹೊರಗೆ ಗಂಡು ಹೆಣ್ಣಿನ ಹೆಸರು. ಕಾಯಿ ಚಟ್ನಿಗೆ ಹೋಗುತ್ತದೆ, ಎಲೆ ಬಾಡಿಹೋಗುತ್ತದೆ, ಚೀಲ ಮಾತ್ರ ಉಳಿಯುತ್ತದೆ. ಆ ಮದುಮಕ್ಕಳ ಮಕ್ಕಳು ಸ್ಕೂಲಿಗೆ ಸೇರಿದ ಮೇಲೂ ಅವರ ಹೆಸರು ನಮ್ಮ ಮನೆಯಲ್ಲಿ ಈರುಳ್ಳಿ ಹೊರುತ್ತಿರುತ್ತದೆ.

ತುಮಕೂರಿನ ನಮ್ಮ ಮನೆಯ ಬಾಗಿಲ ಹಿಂದೆ ಒಂದು ಮೊಳೆ ಇದೆ. ಅದರಲ್ಲಿ ಇಂಥ ಚೀಲಗಳು ಒಂದರ ಮೇಲೊಂದು ತೂಗುತ್ತಿವೆ. ಎಲ್ಲಕ್ಕಿಂತ ಮೇಲಿರುವುದು ಅರಿಶಿನ ಬಣ್ಣದ್ದು. ಅದರ ಮೇಲೆ ಮಂಜುನಾಥ, ಕಾವ್ಯ ಎಂದು ಕೆಂಪಕ್ಷರದಲ್ಲಿದೆ. ಮಂಜುನಾಥ ನನ್ನ ಮೈದುನ ಗಂಗಾಧರನ ಮಗ. ಯಡಿಯೂರಿನಲ್ಲಿ ಮದುವೆಯಾದಾಗ ಉಳಿದ ಚೀಲಗಳನ್ನೆಲ್ಲ ಗಂಗಾಧರ ನಮ್ಮ ಮನೆಗೆ ತಂದು ಸುರಿದಿದ್ದ. ಅದರಲ್ಲಿ ಒಂದು ಈಗ ಬಾರ್ಬಡೋಸಿನಲ್ಲಿದೆ. ನಗಬೇಡಿ. ನಗುವವರನ್ನು ಕಂಡು ಕಂಡು ನನಗೆ ಸಾಕಾಗಿದೆ. ಈರುಳ್ಳಿ ತರಲು ಆ ಚೀಲಕ್ಕೆ ಕೈ ಹಾಕಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಮೊದಲು ಗಂಗಾಧರನ ಮೇಲೆ.

ನಮ್ಮ ಯಜಮಾನರು ತೀರಿಕೊಂಡ ಹನ್ನೊಂದನೆಯ ದಿನ ಶಿವಗಣಾರಾಧನೆ ಮಾಡಿದೆವು. ಎಲೆಗೆ ಹೋಳಿಗೆ ಬಿದ್ದಿತ್ತು. ಗಂಗಾಧರ ತುಪ್ಪದ ಗಿಂಡಿ ಹಿಡಿದು ಪಂಕ್ತಿಯ ನಡುವೆ ನಿಂತು ಹೇಳಿದ:

"ತುಪ್ಪ ಹಾಕುಸ್ಕಳಿ, ನಾಚ್ಕೋಬೇಡಿ. ನಮ್ಮಣ್ಣ ಇದ್ದಿದ್ರೆ ತೊಟ್ಟು ಎಣಿಸಿ ಬಡಿಸ್ತಿದ್ದ. ಭಾರಿ ಜುಗ್ಗ ಕಣ್ರಪ್ಪ ನಮ್ಮಣ್ಣ! ಹಡಗಲ್ಲಿ ಫಾರಿನ್‌ಗೋಗಿ, ಬಾಯಾರ್ಕೊಂಡು ನಿಂತಿರೋ ಹೆಂಡ್ತಿಗೆ ಒಂದು ಎಳನೀರು ಕೊಡಿಸ್ಲಿಲ್ಲ!"

ಇಡೀ ಪಂಕ್ತಿ ನಕ್ಕಿತು. ಒಬ್ಬರಿಗೆ ನಗುವಿನಲ್ಲಿ ನೆತ್ತಿಗೆ ಹತ್ತಿ ನೀರು ಕೊಡಬೇಕಾಯಿತು. ಹೋಳಿಗೆ ಗಂಟಲಲ್ಲೇ ಸಿಕ್ಕಿಕೊಳ್ಳಲಿ ಎಂದು ನಾನು ಒಳಗೊಳಗೇ ಅಂದುಕೊಂಡದ್ದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಸತ್ತ ಮನುಷ್ಯನ ಹೆಸರಿನಲ್ಲಿ ಉಣ್ಣುತ್ತಾ ಅವರನ್ನೇ ಜುಗ್ಗ ಅನ್ನುವುದೆ? ನಮ್ಮ ಕಡೆ ಜುಗ್ಗ ಎಂದರೆ ಖರ್ಚಿಗೆ ಹಿಂದೆಮುಂದೆ ನೋಡುವವನು ಎಂದಷ್ಟೇ ಅಲ್ಲ. ಎದುರಿಗಿದ್ದವರ ಗಂಟಲು ಒಣಗುತ್ತಿದ್ದರೂ ಕೈ ಬಿಚ್ಚದವನು ಎಂದು. ಆ ಮಾತು ಅವರಿಗೆ ಅಂಟಿತು. ಅವರ ಹೆಸರು ಹೇಳಿದರೆ ಜನ ಈಗ ಎಳನೀರನ್ನೇ ನೆನೆಯುತ್ತಾರೆ. ಅದನ್ನು ಕಿತ್ತುಹಾಕಬೇಕು ಎಂದು ಒಂದು ವರ್ಷ ಚಡಪಡಿಸಿದ್ದೇನೆ. ಆದರೆ ಬಾಯಿ ತೆರೆಯಲಾಗಲಿಲ್ಲ. ಯಾಕೆಂದರೆ ಆ ಕತೆಯನ್ನು ಮೊದಲು ಹೇಳಿ ನಗಿಸಿದವಳು ನಾನೇ.

ಅವರು ಬಸ್ ಕಂಡಕ್ಟರಾಗಿದ್ದರು. ತುಮಕೂರು, ಗುಬ್ಬಿ, ಚೇಳೂರು ರೂಟು. ರಿಟೈರಾದ ಮೇಲೂ ಬಸ್ಸು ಹೋಗುವ ಜಾಗಕ್ಕೆ ಆಟೋ ಹತ್ತಿದವರಲ್ಲ. "ಮನೇಲಿ ಅನ್ನ ಇಟ್ಕೊಂಡು ಹೋಟ್ಲು ಮುಂದೆ ನಿಂತ್ಕೊಳೋರು ಆಟೋದಲ್ಲಿ ಹೋಗ್ಲಿ" ಅನ್ನುತ್ತಿದ್ದರು. ನನ್ನನ್ನು ಮದುವೆಯಾಗಿ ಯಡಿಯೂರಿನ ಹತ್ತಿರದ ನನ್ನ ತವರಿನಿಂದ ಕರೆತಂದದ್ದೂ ಬಸ್ಸಿನಲ್ಲೇ. ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಿದಾಗ ಆ ಬಸ್ಸಿನ ಕಂಡಕ್ಟರು ಇವರ ಗುರುತು ಹಿಡಿದು, ಹೊಸ ಹೆಣ್ಣಿಗೆ ಟಿಕೆಟ್ ಯಾಕೆ ಬಿಡಿ ಎಂದ. ಇವರು ಕೇಳಲಿಲ್ಲ. "ಪಾಸು ನಂದು ಕಣಯ್ಯ, ಹೆಂಡ್ತೀದಲ್ಲ. ಹರಿ ಟಿಕೆಟ್ಟು" ಎಂದು ಹಟ ಹಿಡಿದು ದುಡ್ಡು ಕೊಟ್ಟರು. ಜುಗ್ಗನಂತೆ, ಜುಗ್ಗ!

ಕಂಡಕ್ಟರು ಹಡಗು ಹತ್ತಿದ್ದು ಹೇಗೆ ಅನ್ನುತ್ತೀರಿ. ನಮ್ಮ ಒಬ್ಬಳೇ ಮಗಳು ಸುಧಾ ಅಂಥ ಒಂದು ವಿಹಾರದ ಹಡಗಿನ ಬೇಕರಿಯಲ್ಲಿ ಬ್ರೆಡ್ ಮಾಡುತ್ತಾಳೆ. ಕೆಲಸ ಮಾಡುವವರು ಅಪ್ಪ ಅಮ್ಮನನ್ನು ಕಡಿಮೆ ದರದಲ್ಲಿ ಕರೆದೊಯ್ಯಬಹುದಂತೆ. ಹೋದೆವು. ಹಡಗಿನಲ್ಲಿ ಅವಳು ನಮ್ಮ ಜೊತೆ ಇದ್ದೂ ಇರಲಿಲ್ಲ. ನಾವು ಏಳುವ ಮೊದಲೇ ಹಿಟ್ಟು ನಾದಲು ಹೋಗಿಬಿಡುತ್ತಿದ್ದಳು. ನಾಷ್ಟಾದ ಹೊತ್ತಿನಲ್ಲಿ ರಾಶಿ ರಾಶಿ ಬನ್ನು ನೋಡಿ, ಇದರಲ್ಲಿ ನನ್ನ ಮಗಳ ಕೈಯದು ಯಾವುದೋ ಎಂದು ನಾನು ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದೆ. ಹಿಂದೆ ನಿಂತ ದೊರೆಸಾನಿಯೊಬ್ಬಳು ಕಣ್ಣು ಕೆಕ್ಕರಿಸಿದಳು. ಬಾರ್ಬಡೋಸಿನಲ್ಲಿ ಹಡಗು ಒಂದು ಹಗಲು ನಿಲ್ಲುತ್ತದೆ, ಅಲ್ಲಿ ಸುಧಾಗೆ ಐದು ಗಂಟೆ ರಜ ಎಂದಾಯಿತು. ಆ ಐದು ಗಂಟೆಗೆಂದೇ ನಾನು ಅಷ್ಟು ಸಮುದ್ರ ದಾಟಿದ್ದೆ.

ದ್ವೀಪ ತೋರಿಸುತ್ತೇವೆ ಎಂದು ಹಡಗಿನಲ್ಲಿ ಕೇಳಿದ ದುಡ್ಡಿಗೆ ಊರಲ್ಲಿ ಒಂದು ಕರು ಬರುತ್ತಿತ್ತು. ಬಂದರಿನ ಗೇಟಿನ ಹೊರಗೆ ಟ್ಯಾಕ್ಸಿಯವರು ಸಾಲಾಗಿ ನಿಂತು ಕರೆಯುತ್ತಿದ್ದರು. ನಮ್ಮ ಯಜಮಾನರು ಬಿಳಿ ಶರಟು, ಹಣೆಗೆ ವಿಭೂತಿ, ಕೈಯಲ್ಲಿ ಮಂಜುನಾಥ ಕಾವ್ಯರ ಚೀಲ. ಚೀಲದಲ್ಲಿ ಒಂದು ಟವೆಲು, ಒಂದು ಬಾಟಲು ನೀರು. ಟ್ಯಾಕ್ಸಿಯವರ ನಡುವೆ ಮದುವೆ ಮನೆಯಿಂದ ಹೊರಟವರಂತೆ ನಡೆದು ಬಂದು ಮಗಳನ್ನು ಕೇಳಿದರು:

"ಬಸ್ ಸ್ಟ್ಯಾಂಡ್ ಎಲ್ಲದೆ ಕೇಳು ಮಗಾ."

"ಅಪ್ಪಾ, ಇರೋದೇ ಐದು ಗಂಟೆ. ಟ್ಯಾಕ್ಸಿ ನಾನು ಕೊಡ್ತೀನಿ, ಬಾ."

"ನೀನು ಹಿಟ್ಟು ನಾದಿ ನಾದಿ ಸಂಪಾದ್ಸಿರದು ಇವ್ನಿಗ್ಯಾಕೆ ಕೊಡ್ಬೇಕು? ಇಲ್ಲೂ ಜನ ಅವ್ರಲ್ಲ, ಅವ್ರು ಹೆಂಗೋಗ್ತಾರೋ ಹಂಗೆ ಹೋಗಣ."

ನನ್ನ ತಲೆ ಕೆಟ್ಟಿತು. "ರೀ, ಮಗಳ ಮುಖ ನೋಡೋಕ್ ಬಂದಿರೋದೋ ಬಸ್ಸು ನೋಡೋಕ್ ಬಂದಿರೋದೋ?" ಎಂದೆ. ಅವರು ಆಗಲೇ ನಡೆಯುತ್ತಿದ್ದರು. ಸಮುದ್ರದ ಬದಿಯ ದಾರಿಯಲ್ಲಿ ಬಿಸಿಲು ನಮ್ಮ ಗುಬ್ಬಿಯ ಏಪ್ರಿಲ್ ತಿಂಗಳಿಗೆ ಕಡಿಮೆ ಇರಲಿಲ್ಲ. ಬಸ್ ಸ್ಟ್ಯಾಂಡ್ ಸೇರುವ ಹೊತ್ತಿಗೆ ಬಾಟಲು ಖಾಲಿ.

ಅಲ್ಲಿ ಅವರಿಗೆ ಎರಡು ಆಘಾತ ಕಾದಿತ್ತು. ಒಂದು, ಬಸ್ಸಿನಲ್ಲಿ ಕಂಡಕ್ಟರೇ ಇಲ್ಲ. ಡ್ರೈವರ್ ಪಕ್ಕದ ಡಬ್ಬಿಗೆ ದುಡ್ಡು ಹಾಕಬೇಕು. ಚಿಲ್ಲರೆ ವಾಪಸ್ ಇಲ್ಲ. ಎರಡು, ಮುಂದಿನ ಸ್ಟಾಪಿನಲ್ಲಿ ಇಳಿದರೂ ಕೊನೆಯ ಊರಿಗೆ ಹೋದರೂ ಒಂದೇ ರೇಟು.

"ಸ್ಟೇಜೇ ಇಲ್ವಾ!" ಎಂದು ಕೂಗಿದರು. ಎಷ್ಟು ದೂರಕ್ಕೆ ಎಷ್ಟು ದುಡ್ಡು ಎಂಬ ಲೆಕ್ಕಕ್ಕೆ ನಮ್ಮ ಬಸ್ಸಿನವರು ಸ್ಟೇಜ್ ಅನ್ನುತ್ತಾರೆ. ಚೇಳೂರು ಸ್ಟೇಜಿಗೂ ಗುಬ್ಬಿ ಸ್ಟೇಜಿಗೂ ನಡುವೆ ಜಗಳ ಬಿಡಿಸಿಯೇ ಅವರ ಗಂಟಲು ದಪ್ಪವಾದದ್ದು. ಕೋಪ ಇಳಿದ ಮೇಲೆ ಯೋಚನೆ ಮಾಡಿ ತೀರ್ಪು ಕೊಟ್ಟರು: "ಒಂದೇ ರೇಟು ಅಂದ್ಮೇಲೆ ಕೊನೇ ಸ್ಟಾಪಿಗೇ ಹೋಗ್ಬೇಕು. ಮಧ್ಯ ಇಳಿದ್ರೆ ಲಾಸು."

ನಾವು ಬಾತ್‌ಶೀಬಾ ಎಂಬ ಊರಿಗೆ ಹೋದದ್ದು ಹೀಗೆ. ಅಲ್ಲಿ ಏನಿದೆ ಎಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಆ ಊರಿನಲ್ಲಿ ಒಂದು ಪದ್ಧತಿ ನೋಡಿದೆ. ಬಸ್ಸು ಹತ್ತುವವರು ಕೂತವರಿಗೆಲ್ಲ ಗುಡ್ ಮಾರ್ನಿಂಗ್ ಹೇಳಿಯೇ ಹತ್ತುವುದು. ಕೂತವರೂ ತಿರುಗಿ ಹೇಳುತ್ತಾರೆ. ಇವರಿಗೆ ಅದು ತಮಗೇ ಹೇಳಿದ್ದು ಅನ್ನಿಸಿ, ಪ್ರತಿಯೊಬ್ಬರಿಗೂ ಎದ್ದು ಕೈ ಮುಗಿದರು. ಎದ್ದವರು ಕೂರಲೇ ಇಲ್ಲ. ಮೂರನೆಯ ಸ್ಟಾಪಿನಲ್ಲಿ ಒಬ್ಬ ಅಜ್ಜಿಯ ಬುಟ್ಟಿ ಎತ್ತಿ ಒಳಗಿಟ್ಟು, ಅವಳನ್ನು ಸೀಟಿಗೆ ಕೂರಿಸಿ, ಬಾಗಿಲ ಹತ್ತಿರ ಬಸ್ಸಿಗೊಂದು ಬಡಿದು "ರೈಟ್!" ಎಂದರು. ಡ್ರೈವರ್ ಕನ್ನಡಿಯಲ್ಲಿ ನೋಡಿ ಏನೋ ಹೇಳಿದ. ಬಸ್ಸಿನವರೆಲ್ಲ ನಕ್ಕರು.

"ಏನಂತೆ?" ಎಂದರು ಇವರು.

"ರೈಟ್‌ಗೆ ಹೋದ್ರೆ ಸಮುದ್ರ, ನಾನು ಲೆಫ್ಟಿಗೆ ಹೋಗ್ತೀನಿ ಅಂತವ್ನೆ ಅಪ್ಪಾ" ಎಂದಳು ಸುಧಾ, ನಗು ತಡೆಯುತ್ತಾ. ಅಷ್ಟು ದಿನದಲ್ಲಿ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಗ ಅದು ನನ್ನ ಲೆಕ್ಕಕ್ಕೆ ಬರಲಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ.

ಕಬ್ಬಿನ ಗದ್ದೆ, ಮಾವಿನ ಮರ, ದಾಸವಾಳ. ಒಂದು ಕಡೆ ಕಂದು ಬಣ್ಣದ, ಉಣ್ಣೆಯೇ ಇಲ್ಲದ ಮಂದೆ ಮೇಯುತ್ತಿತ್ತು. ಇವರು ಮೇಕೆ ಅಂದರು. ನಾನು ಕುರಿ ಅಂದೆ. ನನ್ನ ತವರಿನಲ್ಲಿ ಕುರಿ ಇದ್ದವು, ನನಗೆ ಗೊತ್ತಿಲ್ಲವೆ? "ಬಾಲ ನೋಡ್ರೀ, ಕೆಳೀಕ್ ಐತೆ. ಮೇಕೆ ಬಾಲ ಮ್ಯಾಲಕ್ಕಿರ್ತದೆ." "ಉಣ್ಣೆ ಎಲ್ಲೇ ಮತ್ತೆ?" "ಈ ಬಿಸಿಲ್ಗೆ ಉಣ್ಣೆ ಯಾಕ್ರೀ, ಅವ್ಕೇನು ನಿಮ್ಮಂಗೆ ಬುದ್ಧಿ ಇಲ್ವಾ?" ಮಗಳು ಅಜ್ಜಿಯನ್ನು ಕೇಳಿದಳು. ಕುರಿಯೇ ಅಂತೆ. ನನಗೆ ಆ ಗೆಲುವಿನ ಸಂತೋಷ ಸ್ಟಾಪು ಬರುವವರೆಗೂ ಉಳಿಯಲಿಲ್ಲ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು.

ಇಳಿದರೆ ಎದುರಿಗೆ ಸಮುದ್ರ. ದಡದಲ್ಲಿ ಮನೆಯಷ್ಟು ದೊಡ್ಡ ಬಂಡೆಗಳು. ರಸ್ತೆಯ ಬದಿಯಲ್ಲಿ ತಲೆಗೆ ಬಟ್ಟೆ ಕಟ್ಟಿದ ದಪ್ಪನೆಯ ಹೆಂಗಸು ಎಳನೀರು ರಾಶಿ ಹಾಕಿಕೊಂಡು ಮಚ್ಚು ಹಿಡಿದು ಕೂತಿದ್ದಳು. ನನಗೆ ಜೀವ ಬಂತು. ಇವರು ರೇಟು ಕೇಳಿಸಿದರು.

ಒಂದಕ್ಕೆ ಐದು ಡಾಲರ್.

ತೆಂಗಿನ ನಾಡಿನವರು, ಚೇಳೂರಿನ ಹತ್ತಿರ ನಲವತ್ತು ಮರ ಇಟ್ಟುಕೊಂಡವರು, ಅವರ ಮುಖ ಹೇಗಾಗಿರಬೇಕು ನೀವೇ ಯೋಚಿಸಿ. ಮೇಲೆ ಮರ ನೋಡಿದರು. "ಮರಕ್ಕೆ ನುಸಿ ಬಿದ್ದದೆ" ಎಂದರು. ಒಂದು ಕಾಯಿ ಎತ್ತಿ ಬೆರಳಲ್ಲಿ ಬಡಿದರು. "ಇದು ಬಲ್ತೋಗದೆ. ಇದ್ಕೆ ಐದು ಡಾಲರಾ? ನಮ್ಮೂರಲ್ಲಿ ದಾರೀಲಿ ಹೋಗೋರು ನೀರು ಕೇಳಿದ್ರೆ ಇಂಥದ್ನ ಸುಮ್ನೆ ಕೆತ್ತಿ ಕೊಡ್ತೀವಿ ಅಂತ ಹೇಳು ಮಗಾ." ಮಗಳು ಹೇಳಿದಳು. ಆ ಹೆಂಗಸು ಮಚ್ಚು ಕೆಳಗಿಡದೆ ಉತ್ತರ ಕೊಟ್ಟಳು.

"ಹಂಗಾದ್ರೆ ಅಲ್ಲೇ ಕುಡ್ಕೊಂಡ್ ಬರ್ಬೇಕಿತ್ತು ಅಂತಾವ್ಳೆ" ಎಂದಳು ಸುಧಾ.

"ನಡೀರಿ" ಎಂದರು ಇವರು.

ಇಷ್ಟೇ ನಾನು ಹೇಳುತ್ತಿದ್ದ ಕತೆ. ಊರಿಗೆ ಬಂದ ಮೇಲೆ ಗುಬ್ಬಿಯಲ್ಲಿ ಗಂಗಾಧರನ ಮನೆಯಲ್ಲಿ ಮೊದಲು ಹೇಳಿದೆ. ಮಚ್ಚು, ನುಸಿ, "ನಡೀರಿ" ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಗಂಗಾಧರ ಹೊಟ್ಟೆ ಹಿಡಿದುಕೊಂಡು ನಕ್ಕ. ನಗಿಸುವ ರುಚಿ ಹತ್ತಿತು ನೋಡಿ, ಆಮೇಲೆ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಅವರು ಅಲ್ಲೇ ಕೂತಿರುತ್ತಿದ್ದರು. ಒಂದು ದಿನವಾದರೂ "ಪೂರ್ತಿ ಹೇಳೇ" ಎನ್ನಬಾರದಿತ್ತೆ? ಬಾಯಿಗೆ ಯಾರಾದರೂ ಬೀಗ ಹಾಕಿದ್ದರೇನು? ಊರಿಗೆಲ್ಲ ಕೇಳುವಂತೆ ಸ್ಟೇಜ್ ಕೂಗಿದ ಗಂಟಲು, ತನ್ನ ಪರವಾಗಿ ಒಂದು ಮಾತಾಡಲಿಲ್ಲ. ಅದರ ಬದಲು "ಐದು ಡಾಲರ್ ಕಣ್ಲಾ ಗಂಗಾ!" ಎಂದು ತಾವೂ ಸೇರಿ ನಗುತ್ತಿದ್ದರು. ಈ ಒಂದು ವರ್ಷದಲ್ಲಿ ನನಗೆ ಬಂದ ಸಿಟ್ಟಿನಲ್ಲಿ ಅರ್ಧ ಅವರ ಮೇಲೆಯೇ. ಹೇಳಬೇಕಾದ್ದನ್ನು ಹೇಳದೆ, ಹಾಲು ತರಲು ಹೊರಟು ಚಪ್ಪಲಿ ಮೆಟ್ಟುತ್ತಾ ಬಾಗಿಲಲ್ಲೇ ಕುಸಿದು ಹೊರಟುಹೋದರು.

ಮೊನ್ನೆ ಅವರ ವರ್ಷದ ಕಾರ್ಯ. ಹಿಂದಿನ ದಿನವೇ ಗಂಗಾಧರ, ಅವನ ಹೆಂಡತಿ ಶಾಂತಾ ಬಂದಿದ್ದರು. ನಾನು, ಶಾಂತಾ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ನಡುಮನೆಯಲ್ಲಿ ಗಂಗಾಧರ ನಾಲ್ಕಾರು ನೆಂಟರನ್ನು ಕೂರಿಸಿಕೊಂಡು ಕಾಫಿ ಕುಡಿಯುತ್ತಿದ್ದ. ಬಾಗಿಲ ಹಿಂದಿನ ಚೀಲ ಕಣ್ಣಿಗೆ ಬಿತ್ತೆಂದು ಕಾಣುತ್ತದೆ.

"ಈ ಚೀಲ ನೋಡಿ, ನಮ್ಮ ಮಂಜನ ಮದ್ವೇದು. ಇದ್ನ ಹಿಡ್ಕೊಂಡು ನಮ್ಮಣ್ಣ ಫಾರಿನ್‌ಗೆ ಹೋಗಿದ್ದ. ಎಂಥಾ ಜುಗ್ಗ ಅಂದ್ರೆ..."

ನಾನು ಕಾಯಿಯ ಮೊರ ಕೆಳಗಿಟ್ಟು ಎದ್ದು ಬಾಗಿಲಿಗೆ ಬಂದೆ.

"ಗಂಗಾಧರ, ಆ ಕತೆ ಪೂರ್ತಿ ಗೊತ್ತೇನಪ್ಪ ನಿಂಗೆ?"

"ನೀವೇ ಹೇಳಿದ್ದಲ್ವಾ ಅತ್ಗೆ?"

"ಅರ್ಧ ಹೇಳಿದ್ದೆ. ಇನ್ನರ್ಧ ಈಗ ಕೇಳು."

ಸೆರಗಿನಲ್ಲಿ ಅವರೆ ಸೊನೆ ಒರೆಸಿಕೊಂಡು ನಿಂತೇ ಹೇಳಿದೆ. "ನಡೀರಿ" ಅನ್ನಿಸಿಕೊಂಡ ಮೇಲೆ ನಾನು, ಸುಧಾ ಬಂಡೆಯ ನೆರಳಲ್ಲಿ ಕೂತೆವು. ಇವರು ಕಾಣಲಿಲ್ಲ. ಬಸ್ಸಿನ ಟೈಮ್ ಕೇಳಲು ಹೋಗಿರಬೇಕು ಎಂದುಕೊಂಡೆ. ಕಾಲು ಗಂಟೆಯ ಮೇಲೆ ಚೀಲ ಭಾರವಾಗಿ ಬಂದರು. ಒಳಗೆ ಎರಡು ಎಳನೀರು. ತಲೆಯ ಹತ್ತಿರ ನೀಟಾಗಿ ಕೆತ್ತಿಸಿ, ಒಳಗಿನ ಪೊರೆ ಒಡೆಸದೆ ತಂದಿದ್ದರು. ಆ ಹೆಂಗಸಿನ ರಾಶಿಯನ್ನೆಲ್ಲ ಬಡಿದು ನೋಡಿ ತಾವೇ ಆರಿಸಿದ್ದಂತೆ. ದುಡ್ಡು ಅವಳು ಹೇಳಿದಷ್ಟೂ ಕೊಟ್ಟಿದ್ದರು. ಮೊದಲನೆಯದನ್ನು ಮಗಳ ಕೈಗೆ ಕೊಟ್ಟರು. ಎರಡನೆಯದನ್ನು ನನ್ನ ಮುಂದೆ ಹಿಡಿದು, "ಆಗ ತೋರ್ಸಿದ್ದು ಬಲ್ತಿತ್ತು ಕಣೇ, ನಿಂಗೆ ಎದೆ ಉರಿ ಬರ್ತಿತ್ತು. ಇದು ಸರ್ಯಾಗದೆ, ಕುಡಿ" ಎಂದರು.

"ಆಮೇಲೆ?" ಎಂದಳು ಶಾಂತಾ, ಹಿಂದಿನಿಂದ.

ಆಮೇಲೆ ನಾನು ಹೇಳಿದ ಮಾತು ಇದು: "ಐದು ಡಾಲರ್ ಎಳನೀರು ನಂಗ್ಯಾಕೆ? ನಿಮ್ಮ ತೋಟಕ್ಕೆ ಹೋದಾಗ ಕುಡೀತೀನಿ ಬಿಡಿ."

ಮಗಳು ಕುಡಿಯಮ್ಮ ಎಂದಳು. ಇಲ್ಲ. ಅವರು ಇನ್ನೊಂದು ಸಲ ಹಿಡಿದರು. ಇಲ್ಲ. ನೀವೇ ಕುಡಿಯಿರಿ ಎಂದೆ. "ನಿಂಗೆ ಅಂತ ತಂದಿದ್ದು" ಎಂದು ಅದನ್ನು ಚೀಲದೊಳಗಿಟ್ಟುಕೊಂಡರು. ವಾಪಸ್ ಬರುವಾಗ ಬಸ್ಸಿನಲ್ಲಿ ಸುಧಾ ಅವರ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋದಳು. ಅವರು ಒಂದು ಗಂಟೆ ಹೆಗಲು ಅಲುಗಿಸಲಿಲ್ಲ. ತೊಡೆಯ ಮೇಲೆ ಎಳನೀರಿನ ಚೀಲ. ಅಜ್ಜಿಯರು ಹತ್ತಿದರೂ ಏಳಲಿಲ್ಲ, ಕೂತಲ್ಲಿಂದಲೇ ಒಂದು ಕೈ ಎತ್ತಿ ನಮಸ್ಕಾರ ಮಾಡಿದರು. ನಾನು ಕಿಟಕಿಯ ಕಡೆ ಮುಖ ಮಾಡಿ, ಒಣಗಿದ ಗಂಟಲಲ್ಲಿ ಉಗುಳು ನುಂಗುತ್ತಾ ಕೂತಿದ್ದೆ. ಹಟ ಅಷ್ಟು ರುಚಿಯಾಗಿತ್ತು.

ಬಂದರಿನ ಗೇಟಿನಲ್ಲಿ ಸುಧಾ, "ಇದ್ನ ಹಡಗೊಳಕ್ಕೆ ಬಿಡಲ್ಲ ಅಪ್ಪಾ, ಇಲ್ಲೇ ಕುಡಿದ್ಬಿಡಿ" ಎಂದಳು. ಅವರು ನನ್ನ ಮುಖ ನೋಡಿದರು. ನಾನು ಸಮುದ್ರ ನೋಡಿದೆ. ಅಲ್ಲಿ ಬಿಸಿಲಲ್ಲಿ ಒಬ್ಬಳು ಕಾವಲಿನ ಹೆಂಗಸು ನಿಂತಿದ್ದಳು. ಇವರು ಹೋಗಿ, ಬಲಗೈಯಲ್ಲಿ ಚೀಲ ಹಿಡಿದು, ಎಡಗೈ ಮೊಣಕೈಗೆ ತಾಗಿಸಿ, ನಮ್ಮ ಮದುವೆ ಮನೆಗಳಲ್ಲಿ ಕೊಡುತ್ತಾರಲ್ಲ ಹಾಗೆ, "ತಗೊಳಮ್ಮಾ" ಎಂದರು. ಅವಳು ಚೀಲದ ಮೇಲಿನ ಅಕ್ಷರ ತೋರಿಸಿ ಇದೇನು ಎಂದಳು. ಮದುವೆಯಾದವರ ಹೆಸರು ಎಂದಳು ಸುಧಾ. ಈಗಲೂ ಚೆನ್ನಾಗಿದ್ದಾರಾ ಎಂದು ಕೇಳಿ, ನಕ್ಕು, ಎರಡೂ ಕೈ ಚಾಚಿ ತೆಗೆದುಕೊಂಡಳು.

ತಾಂಬೂಲ ಬೇಡ ಅನ್ನಬಾರದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಳೆತ ಕಾಯಿ ಇದ್ದರೂ, ಹಗೆಯವರ ಮನೆಯದಾದರೂ ಸೆರಗೊಡ್ಡಿ ತಂದವಳು ನಾನು. ಗಂಡ ಕೈಯಾರೆ ಆರಿಸಿ ತಂದದ್ದನ್ನು ಬೇಡ ಅಂದೆ. ಹೆಸರೂ ಗೊತ್ತಿಲ್ಲದ, ಬೇರೆ ಊರಿನ ಹೆಂಗಸು, ಯಾರೂ ಕಲಿಸದೆ, ಎರಡು ಕೈಯಲ್ಲಿ ಇಸಿದುಕೊಂಡಳು. ಈ ಅರ್ಧವನ್ನು ಹೇಳಿದರೆ ನಗುವವರು ನನ್ನನ್ನು ನೋಡಿ ನಗುತ್ತಾರಲ್ಲ ಎಂದು ಬಿಟ್ಟು ಹೇಳುತ್ತಿದ್ದೆ. ಅದಕ್ಕೇ ಅವರೂ ಪೂರ್ತಿ ಮಾಡಲಿಲ್ಲ. ಇದು ನನಗೆ ಹೊಳೆದದ್ದು ಅಲ್ಲಿ, ನಡುಮನೆಯ ಬಾಗಿಲಲ್ಲಿ, ಮಾತಿನ ನಡುವೆ.

ಗಂಗಾಧರ ಕಾಫಿ ಲೋಟದ ತಳ ನೋಡುತ್ತಿದ್ದ. ಶಾಂತಾ ನನ್ನ ಪಕ್ಕಕ್ಕೆ ಬಂದು ನಿಂತು ಅಂದಳು:

"ಅಯ್ಯೋ, ಹಂಗಾದ್ರೆ ಜುಗ್ಗ ಭಾವ ಅಲ್ಲ. ನೀನೇ ಕಣಕ್ಕ! ಕುಡ್ದಿದ್ರೆ ನಿನ್ ಗಂಟೇನು ಹೋಗ್ತಿತ್ತು?"

ಮೊದಲು ನಕ್ಕವಳು ನಾನು. ಎಷ್ಟು ನಕ್ಕೆನೆಂದರೆ ಶಾಂತಾ ಹಿಡಿದು ಕೂರಿಸಬೇಕಾಯಿತು.

ಮರುದಿನ ಪಂಕ್ತಿ ಕೂತಿತ್ತು. ನಾನು ಒಳಗೆ ಹೋಳಿಗೆ ಎತ್ತಿಕೊಡುತ್ತಿದ್ದೆ. ಹೊರಗೆ ಗಂಗಾಧರನ ದನಿ ಕೇಳಿತು. "ತುಪ್ಪ ಹಾಕುಸ್ಕಳಿ. ನಮ್ಮತ್ಗೆ ಥರ ಬ್ಯಾಡ ಅನ್ಬೇಡಿ. ಏನ್ಮಾಡಿದ್ರು ಗೊತ್ತಾ ನಮ್ಮತ್ಗೆ, ಫಾರಿನ್ನಲ್ಲಿ..." ಕಾವಲಿ ಇಳಿಸಿ ಬಾಗಿಲಿಗೆ ಬಂದು ನಿಂತೆ. ಆರಿಸಿದ್ದು, ಕೆತ್ತಿಸಿದ್ದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡದ್ದು ಎಲ್ಲ ಹೇಳಿದ. ಎರಡು ಎಳನೀರು ಅನ್ನುವ ಕಡೆ ನಾಲ್ಕು ಅಂದ. ತಿದ್ದಲು ಬಾಯಿ ತೆರೆದವಳು ಸುಮ್ಮನಾದೆ. ಅಣ್ಣನ ಕೈಯಲ್ಲಿ ಇನ್ನೆರಡು ಹೆಚ್ಚೇ ಇರಲಿ. ಕತೆ ಮಾತ್ರ ಬಂದರಿನ ಗೇಟಿನವರೆಗೂ ಹೋಗುತ್ತದೋ ಇಲ್ಲವೋ ಎಂದು ನಿಂತೇ ಇದ್ದೆ. ಹೋಯಿತು.